ಕೆಡವಲೊಲ್ಲದ ಕೈಗಳು

ಬೆಂಗಳೂರಿನ ಬಸವನಗುಡಿ, ಮಲ್ಲೇಶ್ವರಗಳ ಕಥೆ ಹೇಳುವವರು 1898ರ ಪ್ಲೇಗಿನಿಂದ ಶುರುಮಾಡುವುದು ವಾಡಿಕೆ. ಪೇಟೆಯ ಇಕ್ಕಟ್ಟಿನಲ್ಲಿ ಇಲಿ ಬಿದ್ದ ಮನೆಗಳನ್ನು ತೊರೆದು ಜನ ಹೊರಬಂದರು. ಅಗಲ ರಸ್ತೆಯ, ಗಾಳಿ ಬೆಳಕಿನ ಬಡಾವಣೆಗಳು ಬೆಳೆದವು. ಅದೇ ಮಾರಿ ಹಡಗು ಹತ್ತಿ 1900ರ ಜನವರಿಯಲ್ಲಿ ಆಸ್ಟ್ರೇಲಿಯದ ಸಿಡ್ನಿಯನ್ನೂ ಮುಟ್ಟಿತು. ಆ ಸಲದ ಪಿಡುಗಿನಲ್ಲಿ ಅಲ್ಲಿ 103 ಜನ ಸತ್ತರು. ಅಲ್ಲಿಯ ಸರಕಾರ ಪ್ಲೇಗಿನ ನೆಪದಲ್ಲಿ ಬಂದರಿನ ಪಕ್ಕದ ಹಳೆಯ ಕೇರಿಗಳನ್ನೇ ವಶಪಡಿಸಿಕೊಂಡಿತು. ಅವುಗಳಲ್ಲಿ ಒಂದರ ಹೆಸರು ದಿ ರಾಕ್ಸ್.

ಇದು ಸಾಮಾನ್ಯ ಕೇರಿಯಲ್ಲ. 1788ರಲ್ಲಿ ಇಂಗ್ಲೆಂಡಿನಿಂದ ಬಂದಿಳಿದ ಕೈದಿಗಳು ಗಡಿಗಲ್ ಮೂಲನಿವಾಸಿಗಳ ಈ ನೆಲದ ಬಂಡೆಗಳ ಮೇಲೆ ಗುಡಿಸಲು ಹಾಕಿಕೊಂಡ ಜಾಗ. ಆಮೇಲೆ ನಾವಿಕರು, ಹಡಗುಕಟ್ಟೆಯ ಕೂಲಿಗಳು ಅಲ್ಲಿ ನೆಲೆಸಿದರು. ಪ್ಲೇಗಿನ ನಂತರ ನೂರಾರು ಮನೆಗಳು ನೆಲಸಮವಾದವು. 1932ರಲ್ಲಿ ಮುಗಿದ ಬಂದರು ಸೇತುವೆಗಾಗಿ ಮತ್ತಷ್ಟು ಹೋದವು. ಉಳಿದವುಗಳಲ್ಲಿ ಜನ ಸರಕಾರಕ್ಕೇ ಬಾಡಿಗೆ ಕೊಟ್ಟುಕೊಂಡು ತಲೆಮಾರುಗಟ್ಟಲೆ ಬದುಕಿದರು.

1970ರಲ್ಲಿ ಸರಕಾರ ಈ ಜಾಗದ ಪುನರಾಭಿವೃದ್ಧಿಗೆಂದು ಒಂದು ಪ್ರಾಧಿಕಾರವನ್ನೇ ನೇಮಿಸಿತು. ಹಳೆಯ ಮನೆಗಳ ಬದಲು ಗಗನಚುಂಬಿ ಕಚೇರಿಗಳು, ಹೋಟೆಲುಗಳು ಏಳಬೇಕೆಂಬುದು ಅದರ ಯೋಜನೆ. ನೆಲ ಸರಕಾರದ್ದು, ಯೋಜನೆ ಸರಕಾರದ್ದು, ಪೊಲೀಸರೂ ಸರಕಾರದವರೇ. ಬಾಡಿಗೆದಾರರ ಮಾತು ಕೇಳುವವರು ಯಾರು? 1971ರಲ್ಲಿ ನೀಟಾ ಮೆಕ್ರೇ ಎಂಬ ಗೃಹಿಣಿಯ ಮುಂದಾಳುತನದಲ್ಲಿ ನಿವಾಸಿಗಳು ಸಂಘ ಕಟ್ಟಿದರು. ಅವರು ಕೊನೆಗೆ ಮೊರೆಹೊಕ್ಕಿದ್ದು ಕಟ್ಟಡ ಕಾರ್ಮಿಕರ ಸಂಘಕ್ಕೆ.

ಸೋಜಿಗವೆನಿಸುವುದು ಇಲ್ಲಿಯೇ. ಕಟ್ಟಡ ಎದ್ದರೆ ಕೂಲಿ ಸಿಗುವುದು ಆ ಕಾರ್ಮಿಕರಿಗೆ ತಾನೆ? ಆದರೂ ಅವರ ನಾಯಕ ಜಾಕ್ ಮಂಡಿ ವಾದಿಸಿದ್ದು ಬೇರೆಯೇ: ಕಟ್ಟುವ ಕೈಗೆ ಕೂಲಿಯನ್ನು ಕೇಳುವ ಹಕ್ಕಿರುವಂತೆ, ಏನನ್ನು ಕಟ್ಟಬೇಕು, ಏನನ್ನು ಕೆಡವಬಾರದು ಎಂದು ಹೇಳುವ ಹಕ್ಕೂ ಇದೆ. ಇದಕ್ಕೆ 'ಗ್ರೀನ್ ಬ್ಯಾನ್', ಅಂದರೆ ಹಸಿರು ಬಹಿಷ್ಕಾರ, ಎಂಬ ಹೆಸರು ಬಂತು. 1971ರಲ್ಲಿ ಕೆಲ್ಲೀಸ್ ಬುಷ್ ಎಂಬ ಕುರುಚಲು ಕಾಡನ್ನು ಉಳಿಸಲು 13 ಹೆಂಗಸರು ಕೇಳಿಕೊಂಡಾಗ ಮೊದಲ ಬಹಿಷ್ಕಾರ ಹೂಡಲಾಯಿತು. ಕಾರ್ಮಿಕರದು ಒಂದೇ ಕರಾರು: ಊರವರು ಬಹಿರಂಗ ಸಭೆ ಸೇರಿ ಕೇಳಬೇಕು. ಮುಂದಿನ ಕೆಲವೇ ವರ್ಷಗಳಲ್ಲಿ ಇಂಥ 40ಕ್ಕೂ ಹೆಚ್ಚು ಬಹಿಷ್ಕಾರಗಳು ನಡೆದವು.

1973ರ ಅಕ್ಟೋಬರಿನಲ್ಲಿ ಸಂಘಕ್ಕೆ ಸೇರದ ಆಳುಗಳನ್ನು ಪೊಲೀಸರ ಕಾವಲಿನಲ್ಲಿ ಕರೆತಂದು ಕೆಡವುವ ಕೆಲಸ ಶುರುವಾಯಿತು. ನಿವಾಸಿಗಳೂ ಕಾರ್ಮಿಕರೂ ಅಡ್ಡ ಕೂತರು. ಪೊಲೀಸರು ಮಂಡಿಯವರನ್ನು ಎತ್ತಿಕೊಂಡೇ ಹೋದರು. 1975ರ ಹೊತ್ತಿಗೆ ರಾಜಿಯಾಯಿತು: ಕೇಹಿಲ್ ಹೆದ್ದಾರಿಯ ಉತ್ತರಕ್ಕಿರುವ ಹಳೆಯ ಮನೆಗಳು ಉಳಿಯಬೇಕು, ಗೋಪುರಗಳು ದಕ್ಷಿಣಕ್ಕೆ ಹೋಗಬೇಕು. 1977ರಲ್ಲಿ ಆ ರಾಜ್ಯಕ್ಕೆ ಪಾರಂಪರಿಕ ಕಟ್ಟಡಗಳನ್ನು ಕಾಯುವ ಕಾನೂನೂ ಬಂತು. ಇದ್ದ ನಿವಾಸಿಗಳು ಅಲ್ಲೇ ಇರಲೆಂದು 79 ಮನೆಗಳ 'ಸಿರಿಯಸ್' ಎಂಬ ಸರಕಾರಿ ವಸತಿ ಕಟ್ಟಡ ಸೇತುವೆಯ ಪಕ್ಕದಲ್ಲೇ ಎದ್ದಿತು.

ಕಥೆ ಇಲ್ಲಿಗೆ ಮುಗಿದಿದ್ದರೆ ಚೆನ್ನಾಗಿತ್ತು. 2014ರಲ್ಲಿ ಸರಕಾರ ಸಿರಿಯಸ್ಸನ್ನೂ ನೆರೆಯ ಮಿಲ್ಲರ್ಸ್ ಪಾಯಿಂಟಿನ ಮನೆಗಳನ್ನೂ ಮಾರುವುದಾಗಿ ಸಾರಿತು. ಸಿರಿಯಸ್ಸಿನ ಕೊನೆಯ ನಿವಾಸಿ, 90 ದಾಟಿದ, ಕಣ್ಣು ಮಂಜಾದ ಒಬ್ಬ ಅಜ್ಜಿ 2018ರಲ್ಲಿ ಹೊರಟರು. ಮರುವರ್ಷ ಕಟ್ಟಡ 15 ಕೋಟಿ ಡಾಲರಿಗೆ ಮಾರಾಟವಾಯಿತು. ದಿ ರಾಕ್ಸ್‌ನ ಒಂದು ಬೀದಿಗೆ ಈಗ ಜಾಕ್ ಮಂಡಿಯ ಹೆಸರಿದೆ. ಬೀದಿ ಉಳಿದಿದೆ, ಹೆಸರೂ ಉಳಿದಿದೆ. ಹೋರಾಡಿದವರ ಬಾಗಿಲುಗಳಲ್ಲಿ ಬೇರೆಯವರಿದ್ದಾರೆ.

ಕಲ್ಲನ್ನು ಕಾಯಲು ಕಾನೂನು ಬಂತು, ಒಕ್ಕಲನ್ನು ಕಾಯಲು ಬರಲಿಲ್ಲ. ನಮ್ಮ ಹಳೆಯ ಬಡಾವಣೆಗಳಲ್ಲಿ ಮನೆಯನ್ನು ಬಿಲ್ಡರನ ಕೈಗಿಡುವವನು ಸಾಮಾನ್ಯವಾಗಿ ಮನೆಯ ಯಜಮಾನನೇ. ಪಕ್ಕದ ಮನೆಯವರು ಬಿಸಿಲು ಹೋಯಿತು, ಬಾವಿ ಬತ್ತಿತು ಎಂದು ಗೊಣಗುತ್ತಾರೆ. ದಿ ರಾಕ್ಸ್‌ನಲ್ಲಿ ಹೋರಾಡಿದವರ ಹೆಸರಿನಲ್ಲಿ ಒಂದು ಗೋಡೆಯೂ ಇರಲಿಲ್ಲ. ಮಾರಲು ಏನೂ ಇಲ್ಲದವರಾದ್ದರಿಂದಲೇ ಅವರಿಗೆ ಕೇರಿಯ ಬೆಲೆ ತಿಳಿದಿತ್ತು. ಅದೇ ಕಾರಣಕ್ಕೆ ಅವರನ್ನು ಎಬ್ಬಿಸುವುದೂ ಸುಲಭವಾಯಿತು. ನಮ್ಮಲ್ಲಿ ಒಂದೊಂದಾಗಿ ಮಾಯವಾದ ವಠಾರಗಳ ಬಾಡಿಗೆದಾರರನ್ನು ಯಾವ ಸಭೆಗೆ ಕರೆದು ಕೇಳಿದ್ದೆವು? ಪಾರಂಪರಿಕ ಕಟ್ಟಡಗಳ ಪಟ್ಟಿ ಮಾಡುವಾಗ ಈ ಪ್ರಶ್ನೆಯನ್ನೂ ಅದರ ಪಕ್ಕದಲ್ಲಿ ಬರೆದಿಟ್ಟುಕೊಳ್ಳಬೇಕು.