ಸಾಮ್ರಾಜ್ಞಿ ಗೀಸೆಲಾಳ ತವರಿನ ಹಕ್ಕು

ಜರ್ಮನಿಯ ರೈನ್ ನದಿಯ ದಡದಲ್ಲಿ ಸ್ಪೈಯರ್ ಎಂಬ ಹಳೆಯ ಪಟ್ಟಣವಿದೆ. ಅಲ್ಲಿನ ಹಿರಿಯ ಇಗರ್ಜಿಯೊಳಗಿರುವ ಅರಸುಮನೆತನದ ಗೋರಿಗಳನ್ನು 1900ರಲ್ಲಿ ವಿದ್ವಾಂಸರು ತೆರೆದು ನೋಡಿದರು. ಒಂದರಲ್ಲಿ ಹೊಂಗೂದಲಿನ, ಎತ್ತರದ ನಿಲುವಿನ ಹೆಂಗಸೊಬ್ಬಳ ಅವಶೇಷವಿತ್ತು. ಜೊತೆಗೆ ಸೀಸದ ತಗಡೊಂದು. ಇವಳು ಸಾಮ್ರಾಜ್ಞಿ ಗೀಸೆಲಾ, 999ರಲ್ಲಿ ಹುಟ್ಟಿ 1043ರಲ್ಲಿ ತೀರಿಕೊಂಡವಳು ಎಂದು ಆ ತಗಡು ಹೇಳುತ್ತದೆ. ಸತ್ತ ವರ್ಷ ಸರಿ. ಹುಟ್ಟಿದ ವರ್ಷವನ್ನು ನಂಬುವಂತಿಲ್ಲ. ನೀವೇ ಲೆಕ್ಕ ಹಾಕಿರಿ. 1017ರಲ್ಲಿ ಅವಳಿಗೆ ಮೂರನೆಯ ಗಂಡನಿಂದ ಮಗ ಹುಟ್ಟಿದ್ದಾನೆ. ಅದಕ್ಕೆ ಮುಂಚೆ ಎರಡು ಮದುವೆಗಳಾಗಿ ಮೂವರು ಗಂಡುಮಕ್ಕಳಾಗಿದ್ದಾರೆ. ಹದಿನೆಂಟು ವರ್ಷದೊಳಗೆ ಇಷ್ಟೆಲ್ಲ ನಡೆದೀತೆ? 990ರ ಸುಮಾರಿಗೆ ಹುಟ್ಟಿದಳೆಂಬುದೇ ಬಹುಮಂದಿ ಒಪ್ಪಿದ ಮಾತು. ಲೋಹದಲ್ಲಿ ಕೊರೆದದ್ದೆಲ್ಲ ಸತ್ಯವೆನ್ನುವ ಶಾಸನಪ್ರಿಯರು ಇದನ್ನು ಗಮನಿಸಬೇಕು.

ಗೀಸೆಲಾಳ ತಂದೆ ಸ್ವೇಬಿಯಾ ಪ್ರಾಂತದ ಡ್ಯೂಕ್ ಎರಡನೆಯ ಹೆರ್ಮನ್. ತಾಯಿ ಗೆರ್ಬೆರ್ಗಾ ಬರ್ಗಂಡಿಯ ರಾಜಪುತ್ರಿ. ಈ ತಾಯಿಯ ಕಡೆಯ ನಂಟನ್ನು ನೆನಪಿನಲ್ಲಿಡಿರಿ. ಮೊದಲ ಗಂಡ ಬ್ರೂನೋ, ಸಾಕ್ಸನಿಯ ಕೌಂಟ್. ಅವನಿಂದ ಲಿಯುಡಾಲ್ಫ್ ಎಂಬ ಮಗ. ಎರಡನೆಯವನು ಬಾಬೆನ್‌ಬೆರ್ಗ್ ಮನೆತನದ ಎರ್ನ್‌ಸ್ಟ್. 1012ರಲ್ಲಿ ಗೀಸೆಲಾಳ ತಮ್ಮ ಮಕ್ಕಳಿಲ್ಲದೆ ಸತ್ತಾಗ ಸ್ವೇಬಿಯಾದ ಡ್ಯೂಕ್‌ಗಿರಿ ಈ ಅಳಿಯನಿಗೆ ಬಂತು. ಮೂರೇ ವರ್ಷ. 1015ರಲ್ಲಿ ಬೇಟೆಯ ವೇಳೆ ಜೊತೆಗಾರನೊಬ್ಬನ ಬಾಣ ಗುರಿತಪ್ಪಿ ತಗುಲಿ ಅವನು ಸತ್ತನು. ಅವನ ಮಕ್ಕಳು ಎರ್ನ್‌ಸ್ಟ್, ಹೆರ್ಮನ್. ಹಿರಿಯನಿಗೆ ತಂದೆಯ ಹೆಸರೂ ಪದವಿಯೂ ದೊರೆತವು.

ಮೂರನೆಯ ಗಂಡ ಕೊನ್‌ರಾಡ್. ಆಸ್ತಿ ಹೆಚ್ಚಿಲ್ಲ, ವಂಶ ದೊಡ್ಡದು. ರಾಜ ಒಂದನೆಯ ಹೆನ್ರಿ ಇವನಿಗೂ ಮೂಲಪುರುಷ, ಗೀಸೆಲಾಳಿಗೂ ಮೂಲಪುರುಷ. ಸೋದರಮಾವನ ಮಗಳನ್ನು ತರುವ ವಾಡಿಕೆಯುಳ್ಳ ನಮಗೆ ಇದು ನಂಟೆಂದೇ ತೋರದು. ಅಲ್ಲಿಯಾದರೋ ಏಳು ತಲೆಮಾರಿನೊಳಗಿನ ಸಂಬಂಧಕ್ಕೆ ಧರ್ಮಪೀಠದ ನಿಷೇಧವಿತ್ತು. 1024ರಲ್ಲಿ ಕೊನ್‌ರಾಡ್ ರಾಜನಾಗಿ ಆರಿಸಲ್ಪಟ್ಟನು. ಮೈನ್ಸಿನ ಆರ್ಚ್‌ಬಿಷಪ್ ಅರಿಬೋ ಅವನಿಗೆ ಕಿರೀಟವಿಟ್ಟನೇ ಹೊರತು ಗೀಸೆಲಾಳಿಗೆ ಇಡಲಿಲ್ಲ. ಎರಡು ವಾರಗಳ ತರುವಾಯ ಕೊಲೋನ್ ನಗರದ ಪಿಲ್‌ಗ್ರಿಮ್ ಆ ಕೆಲಸ ಮಾಡಿ ತನ್ನ ಪೀಠದ ಪ್ರಭಾವವನ್ನು ಬೆಳೆಸಿಕೊಂಡನು.

ಇನ್ನು ಬರ್ಗಂಡಿಯ ಮಾತು. ಆಲ್ಪ್ಸ್ ಪರ್ವತದಿಂದ ರೋನ್ ನದಿಯ ಗುಂಟ ಮೆಡಿಟರೇನಿಯನ್ ಸಮುದ್ರದವರೆಗೆ ಹಬ್ಬಿದ ರಾಜ್ಯ ಅದು. ಅದರ ಅರಸ ಮೂರನೆಯ ರುಡೋಲ್ಫ್, ಗೀಸೆಲಾಳ ಸೋದರಮಾವ, ಸಂತಾನಹೀನ. ಹಿಂದಿನ ಚಕ್ರವರ್ತಿಗೆ ಕೊಟ್ಟ ಮಾತು ಸಿಂಹಾಸನಕ್ಕೆ ಕೊಟ್ಟದ್ದು, ಆದ್ದರಿಂದ ರಾಜ್ಯ ತನಗೆ ಬರಬೇಕೆಂದು ಕೊನ್‌ರಾಡ್ ವಾದಿಸಿದನು. ಆದರೆ ರಕ್ತದ ಲೆಕ್ಕವೇ ಬೇರೆ. ಆ ಹಕ್ಕು ಗೀಸೆಲಾಳಿಂದ ಅವಳ ಮಕ್ಕಳಿಗೆ ಇಳಿಯಬೇಕು. ಗಂಡನಿಗೆ ಅದರಲ್ಲಿ ಪಾಲೆಲ್ಲಿಯದು? ಹರೆಯದ ಎರ್ನ್‌ಸ್ಟ್ ಇದನ್ನು ಅರಿತಿದ್ದನು. 1025ರಲ್ಲಿ ಮಲತಂದೆಯ ಮೇಲೆ ತಿರುಗಿಬಿದ್ದನು. ತಾಯಿ ಬೇಡಿಕೊಂಡು ಕ್ಷಮೆ ಕೊಡಿಸಿದಳು. 1027ರಲ್ಲಿ ಪುನಃ ದಂಗೆ. ಈ ಸಲ ಉಲ್ಮ್ ಪಟ್ಟಣದಲ್ಲಿ ಅವನ ಸಾಮಂತರೇ, ‘ನಮ್ಮ ನಿಷ್ಠೆ ಮೊದಲು ರಾಜನಿಗೆ’ ಎಂದು ಕೈಬಿಟ್ಟರು. ಎರ್ನ್‌ಸ್ಟ್ ಸೆರೆಮನೆ ಸೇರಿದನು. ಅದೇ ವರ್ಷ ಬಾಸೆಲ್‌ನಲ್ಲಿ ಸೋದರಮಾವನಿಗೂ ಗಂಡನಿಗೂ ಸಂಧಾನ ಮಾಡಿಸಿದವಳು ಗೀಸೆಲಾ. ಬರ್ಗಂಡಿಯು ಕೊನ್‌ರಾಡನಿಗೆಂದು ಅಲ್ಲಿ ನಿಶ್ಚಯವಾಯಿತು. ಮಗನ ಹಕ್ಕು ತಾಯಿಯ ಕೈಯಿಂದಲೇ ಜಾರಿತು ಎಂದರೆ ಕಠೋರವಾದೀತು, ಸುಳ್ಳಾಗದು.

1030ರ ಈಸ್ಟರ್ ಹಬ್ಬದಲ್ಲಿ ಇಂಗೆಲ್‌ಹೈಮ್ ಅರಮನೆಯಲ್ಲಿ ಎರ್ನ್‌ಸ್ಟನಿಗೆ ಡ್ಯೂಕ್ ಪದವಿಯನ್ನು ಹಿಂದಿರುಗಿಸಲು ಸಿದ್ಧರಾದರು. ಕರಾರು ಒಂದೇ: ಕೀಬುರ್ಗಿನ ಕೌಂಟ್ ವೆರ್ನರ್ ಎಂಬ ತನ್ನ ಗೆಳೆಯನನ್ನು ರಾಜದ್ರೋಹಿಯೆಂದು ಬೇಟೆಯಾಡಬೇಕು. ಅವನು ಒಲ್ಲೆನೆಂದನು. ಪದವಿ ಹೋಯಿತು, ಬಹಿಷ್ಕಾರವೂ ಆಯಿತು. ಇವನಿಗೆ ಏನಾದರೂ ತಾನು ಸೇಡು ಬಗೆಯುವುದಿಲ್ಲವೆಂದು ಹೆತ್ತ ತಾಯಿಯೇ ಸಭೆಯಲ್ಲಿ ಮಾತು ಕೊಟ್ಟಳು. ಆಸ್ಥಾನದ ಚರಿತ್ರಕಾರ ವೀಪೋ, ರಾಜನ ಪಕ್ಷದವನಾದರೂ, ಇದನ್ನು ಮರುಕದಿಂದಲೇ ಬರೆದಿದ್ದಾನೆ. ಆಗಸ್ಟ್ 17ರಂದು ಕಪ್ಪುಕಾಡಿನ ಸೀಮೆಯಲ್ಲಿ ಎರ್ನ್‌ಸ್ಟನೂ ವೆರ್ನರನೂ ಒಟ್ಟಿಗೆ ಕಾದಿ ಮಡಿದರು. ಸ್ವೇಬಿಯಾವನ್ನು ಎಳೆಯ ತಮ್ಮ ಹೆರ್ಮನ್‌ಗೆ ಕೊಡಲಾಯಿತು. ಗೀಸೆಲಾ ಆಗ ಏನು ಎಣಿಸಿದಳೋ! ಉಳಿದ ಮಕ್ಕಳನ್ನಾದರೂ ಉಳಿಸಿಕೊಳ್ಳುವ ದಾರಿ ಇದೊಂದೇ ಎಂದುಕೊಂಡಿರಬೇಕು ಎಂಬುದು ನನ್ನ ಊಹೆ.

1032ರಲ್ಲಿ ರುಡೋಲ್ಫ್ ಸತ್ತನು. ಗೀಸೆಲಾಳ ಚಿಕ್ಕಮ್ಮ ದೊಡ್ಡಮ್ಮಂದಿರ ಪೈಕಿ ಬರ್ತಾ ಎಂಬವಳ ಮಗ, ಬ್ಲುವಾದ ಓಡೋ, ತಾನೂ ಸೋದರಳಿಯನೆಂದು ದಂಡೆತ್ತಿ ಬಂದನು. ಕೊನ್‌ರಾಡ್ 1033ರ ಫೆಬ್ರುವರಿ 2ರಂದು ಪೇಯರ್ನ್ ಮಠದಲ್ಲಿ ಬರ್ಗಂಡಿಯ ಕಿರೀಟ ಧರಿಸಿದನು. ಮರುವರ್ಷ ಓಡೋ ಸೋತನು. ಜರ್ಮನಿ, ಇಟಲಿ, ಬರ್ಗಂಡಿ ಮೂರೂ ಒಂದೇ ತಲೆಯ ಮೇಲೆ ಕೂಡಿದವು.

1038ರಲ್ಲಿ ಲಿಯುಡಾಲ್ಫ್ ಸತ್ತನು. ಅದೇ ಬೇಸಿಗೆಯಲ್ಲಿ ಇಟಲಿಯ ಬೇನೆಗೆ ಹೆರ್ಮನನೂ ಬಲಿಯಾದನು. ಕೊನೆಯ ಮಗ ಹೆನ್ರಿಗೆ ಸ್ವೇಬಿಯಾ ಸೇರಿತು. ಆ ವರ್ಷದ ಶರತ್ಕಾಲದಲ್ಲೇ ಬರ್ಗಂಡಿಯ ಪಟ್ಟವೂ ಆಯಿತು. 1043ರಲ್ಲಿ ಗೋಸ್ಲಾರ್ ನಗರದಲ್ಲಿ ಆಮಶಂಕೆಯಿಂದ ತೀರಿಕೊಂಡ ತಾಯಿಯನ್ನು ಸ್ಪೈಯರಿನಲ್ಲಿ ಮಣ್ಣುಮಾಡುವಾಗ, ನಾಲ್ವರಲ್ಲಿ ಉಳಿದ ಈ ಒಬ್ಬ ಮಗ ರಾಜವಸ್ತ್ರ ಕಳಚಿ ಬರಿಗಾಲಿನಲ್ಲಿ ನಿಂತಿದ್ದನು.