ಕೆಂಪಿನ ಮೇಲೆ ಕೆಂಪು ಬಳಿದಾಗ

ಆಮ್‌ಸ್ಟರ್‌ಡ್ಯಾಮ್ ನಗರದ ಸ್ಟೆಡೆಲಿಕ್ ಮ್ಯೂಸಿಯಂನ ಸಂಗ್ರಹದಲ್ಲಿ ಒಂದು ಬೃಹತ್ ಕೆಂಪು ಚಿತ್ರವಿದೆ. ಎತ್ತರ ಏಳು ಅಡಿಗೂ ಹೆಚ್ಚು, ಅಗಲ ಸುಮಾರು 18 ಅಡಿ. ಎಡ ಅಂಚಿನಲ್ಲಿ ಒಂದು ನೀಲಿ ಪಟ್ಟಿ, ಬಲ ಅಂಚಿನಲ್ಲಿ ಕಿರಿದಾದ ಹಳದಿ ಪಟ್ಟಿ; ಮಿಕ್ಕದ್ದೆಲ್ಲ ಕೆಂಪು. ಮನುಷ್ಯನಿಲ್ಲ, ಮರವಿಲ್ಲ, ಕಥೆಯೂ ಇಲ್ಲ. ‘ಇದರಲ್ಲೇನಿದೆ, ಗೋಡೆಗೆ ಬಣ್ಣ ಹೊಡೆಯುವವನೂ ಇದನ್ನು ಮಾಡಿಯಾನು’ ಎಂದು ಯಾರಿಗಾದರೂ ಅನ್ನಿಸಿದರೆ ಆಶ್ಚರ್ಯವಿಲ್ಲ. ಆದರೆ ಆ ಮಾತು ನಿಜವೇ ಎಂಬುದು ಈ ಚಿತ್ರದ ವಿಷಯದಲ್ಲಿ ಒಮ್ಮೆ ಪರೀಕ್ಷೆಗೇ ಒಳಗಾಯಿತು.

ಚಿತ್ರವನ್ನು 1967–68ರಲ್ಲಿ ರಚಿಸಿದವನು ಅಮೆರಿಕದ ಬಾರ್ನೆಟ್ ನ್ಯೂಮನ್ (1905–1970). ‘ಕೆಂಪು, ಹಳದಿ, ನೀಲಿಗೆ ಹೆದರುವವರಾರು?’ ಎಂಬ ಹೆಸರಿನ ನಾಲ್ಕು ಚಿತ್ರಗಳಲ್ಲಿ ಇದು ಮೂರನೆಯದು. ಈ ಮೂರು ಮೂಲವರ್ಣಗಳನ್ನು ಡಚ್ ಕಲಾವಿದ ಮೋಂಡ್ರಿಯನ್ ಮತ್ತು ಅವನ ಹಾದಿಯವರು ಕಟ್ಟುನಿಟ್ಟಾದ ಒಂದು ಸೂತ್ರಕ್ಕೆ ಒಳಪಡಿಸಿದ್ದರು. ಆ ಸೂತ್ರದಿಂದ ಬಣ್ಣವನ್ನು ಬಿಡಿಸಿ, ಅದಕ್ಕೆ ಮತ್ತೆ ಭಾವದ ಬಲ ಕೊಡಬೇಕೆಂಬುದು ನ್ಯೂಮನ್‌ನ ಹಟ. ಅವನೂ ಮಾರ್ಕ್ ರಾಥ್ಕೊ, ಕ್ಲಿಫರ್ಡ್ ಸ್ಟಿಲ್ ಮೊದಲಾದವರೂ ಬೆಳೆಸಿದ ಈ ಬಗೆಯ ಕಲೆಗೆ ‘ವರ್ಣಕ್ಷೇತ್ರ’ ಚಿತ್ರಕಲೆ ಎನ್ನುತ್ತಾರೆ. ದೊಡ್ಡ ಚಿತ್ರಗಳನ್ನು ಜನ ದೂರ ನಿಂತು ನೋಡುವುದು ರೂಢಿ. ತನ್ನ ಚಿತ್ರಗಳನ್ನು ಹತ್ತಿರದಿಂದಲೇ ನೋಡಬೇಕೆಂದು 1951ರ ಪ್ರದರ್ಶನದಲ್ಲಿ ನ್ಯೂಮನ್ ಸೂಚನೆ ಕೊಟ್ಟಿದ್ದ. ಬಣ್ಣ ನೋಡುಗನ ಇಡೀ ದೃಷ್ಟಿಯನ್ನು ಆವರಿಸಬೇಕು ಎಂಬುದು ಅದರ ಉದ್ದೇಶ.

1986ರ ಮಾರ್ಚ್ 21ರಂದು ಒಬ್ಬ ವ್ಯಕ್ತಿ ಹರಿತವಾದ ಚಾಕುವಿನಿಂದ ಈ ಕ್ಯಾನ್ವಾಸನ್ನು ಉದ್ದಕ್ಕೂ ಸೀಳಿಹಾಕಿದ. ಸೀಳುಗಳ ಒಟ್ಟು ಉದ್ದ ಸುಮಾರು 15 ಮೀಟರ್. ದುರಸ್ತಿಯ ಹೊಣೆ ನ್ಯೂಯಾರ್ಕಿನ ಡೇನಿಯಲ್ ಗೋಲ್ಡ್‌ರೇಯರ್‌ಗೆ ಹೋಯಿತು. 1991ರಲ್ಲಿ ಚಿತ್ರ ಮರಳಿ ಬಂದಾಗ ಸೀಳುಗಳು ಕಾಣುತ್ತಿರಲಿಲ್ಲ. ಆದರೆ ಹಿಂದೆ ಅದನ್ನು ಬಲ್ಲವರು ಬೆಚ್ಚಿದರು: ಕೆಂಪಿನ ಆಳವೇ ಮಾಯವಾಗಿತ್ತು.

ಲಕ್ಷಾಂತರ ಸೂಕ್ಷ್ಮ ಚುಕ್ಕೆಗಳನ್ನಿಟ್ಟು ಸರಿಪಡಿಸಿದ್ದೇನೆ ಎಂಬುದು ಗೋಲ್ಡ್‌ರೇಯರ್‌ನ ವಾದ. ನೆದರ್‌ಲೆಂಡ್ಸ್‌ನ ಅಪರಾಧ ಪತ್ತೆ ಪ್ರಯೋಗಾಲಯ ಪರೀಕ್ಷಿಸಿದಾಗ ಬೇರೆಯೇ ಕಂಡಿತು. ಇಡೀ ಕೆಂಪು ಭಾಗದ ಮೇಲೆ ಆಲ್ಕಿಡ್ ಬಣ್ಣವನ್ನು ರೋಲರ್‌ನಿಂದ ಬಳಿಯಲಾಗಿದೆ ಎಂಬುದು ಅದರ ನಿರ್ಣಯ. ವಿವಾದ ಬೆಳೆದು, ಗೋಲ್ಡ್‌ರೇಯರ್ ಕೋಟ್ಯಂತರ ಡಾಲರ್ ಪರಿಹಾರಕ್ಕೆ ದಾವೆ ಹೂಡಿದ. ಕಡೆಗೆ ಅದು ರಾಜಿಯಲ್ಲಿ ಮುಗಿಯಿತು.

ಬಣ್ಣ ಅದೇ ಕೆಂಪಾದರೆ ಕಳೆದುಹೋದದ್ದೇನು? ನ್ಯೂಮನ್‌ನ ಕೆಂಪು ಕುಂಚದಿಂದ ಪದರದ ಮೇಲೆ ಪದರವಾಗಿ ಹಚ್ಚಿದ ತೈಲವರ್ಣ. ಬೆಳಕು ಆ ಪದರಗಳೊಳಗೆ ಇಳಿದು ಹೊರಬರುವಾಗ ಮೇಲ್ಮೈ ಒಂದೆಡೆ ಇದ್ದಂತೆ ಇನ್ನೊಂದೆಡೆ ಇರುವುದಿಲ್ಲ. ಕಣ್ಣು ಆ ಸಣ್ಣ ವ್ಯತ್ಯಾಸಗಳಲ್ಲಿ ಅಲೆದಾಡುತ್ತದೆ. ಸಮನಾಗಿ ಬಳಿದ ಬಣ್ಣದಲ್ಲಿ ಕಣ್ಣಿಗೆ ಅಲೆಯಲು ಜಾಗವಿಲ್ಲ. ಆಕೃತಿಗಳಿರುವ ಚಿತ್ರದಲ್ಲಿ ಒಂದು ಮೂಲೆ ಕೆಟ್ಟರೂ ಉಳಿದ ಭಾಗ ಮಾತಾಡುತ್ತದೆ. ಇಲ್ಲಿ ಮೇಲ್ಮೈಯೇ ಚಿತ್ರ. ಅದು ಹೋದರೆ ಉಳಿಯುವುದು ಅಳತೆ ಮಾತ್ರ.

ಈ ಪಾಠ ಬೇಗನೆ ಉಪಯೋಗಕ್ಕೆ ಬಂತು. 1997ರಲ್ಲಿ ಅದೇ ವ್ಯಕ್ತಿ ಮತ್ತೆ ಅದೇ ಮ್ಯೂಸಿಯಂಗೆ ಬಂದ. ಕೆಂಪು ಚಿತ್ರ ಸಿಗದೆ, ನ್ಯೂಮನ್ 1951ರಲ್ಲಿ ರಚಿಸಿದ ‘ಕ್ಯಾಥೆಡ್ರಾ’ ಎಂಬ ನೀಲಿ ಚಿತ್ರವನ್ನು ಸೀಳಿದ. ಈ ಬಾರಿ ಮ್ಯೂಸಿಯಂನವರು ಅವಸರಪಡಲಿಲ್ಲ. ವರ್ಷಗಟ್ಟಲೆ ಕೂತು ಹರಿದ ಅಂಚುಗಳನ್ನು ಕೂಡಿಸಿದರು. ಗಾಯವಾದ ಜಾಗದ ಆಚೆಗೆ ಬಣ್ಣ ಹರಿಸಲಿಲ್ಲ. ಚಾಕು ಸೀಳಿದ್ದನ್ನು ಹೊಲಿಯಬಹುದು, ರೋಲರ್ ಮುಚ್ಚಿದ್ದನ್ನು ತೆರೆಯುವುದು ಕಷ್ಟ ಎಂಬುದನ್ನು ಅವರು ಆ ಹೊತ್ತಿಗೆ ಕಲಿತಿದ್ದರು.