ಬದಲಿ ಅಪ್ಪ

ಮನೆಗೆ ಒಬ್ಬ ಗಂಡಸು ಬಂದ ಅಂದರೆ ಮನೆಗೆ ದುಡ್ಡೂ ಬಂತು ಅಂತಲೇ ಅರ್ಥವಾ? ಕೇಳೋದಕ್ಕೆ ಸಣ್ಣ ಪ್ರಶ್ನೆ. ಆದರೆ ಅಮೆರಿಕಾದ ಕೆಲವು ರಾಜ್ಯಗಳ ಸರಕಾರಗಳು ಇದಕ್ಕೆ ಸುಮ್ಮನೆ 'ಹೌದು' ಅಂದುಕೊಂಡಿದ್ದರಿಂದ ಸಾವಿರಾರು ಮಕ್ಕಳ ಊಟಕ್ಕೆ ಕಲ್ಲು ಬಿತ್ತು. 'ಇಲ್ಲ, ಹಾಗೇನೂ ಅಲ್ಲ' ಎಂದು ಹೇಳಿಸೋಕೆ ಅಲ್ಲಿನ ಸುಪ್ರೀಂ ಕೋರ್ಟಿಗೇ ಹೋಗಬೇಕಾಯಿತು. ಹೋದದ್ದು ಯಾರು ಅಂತೀರಿ, ಹೋಟೆಲಿನಲ್ಲಿ ಅಡುಗೆ ಮಾಡಿ, ತಿಂಡಿ ಬಡಿಸಿ ಬದುಕುತ್ತಿದ್ದ ಒಬ್ಬ ಹೆಂಗಸು.

ಸ್ವಲ್ಪ ಹಿಂದಿನಿಂದ ಹೇಳುತ್ತೇನೆ. 1935ರಲ್ಲಿ ರೂಸ್‌ವೆಲ್ಟ್ ಕಾಲದಲ್ಲಿ ಸೋಷಿಯಲ್ ಸೆಕ್ಯುರಿಟಿ ಕಾಯಿದೆ ಬಂತಲ್ಲ, ಅದರಲ್ಲಿ ಬಡ ಮಕ್ಕಳಿಗೆ ತಿಂಗಳ ನೆರವು ಕೊಡುವ ಒಂದು ಯೋಜನೆ ಇತ್ತು. ಮುಂದೆ ಅದನ್ನೇ ಎ.ಎಫ್.ಡಿ.ಸಿ. ಅಂತ ಕರೆದರು. ಅಪ್ಪ ಸತ್ತಿರಬೇಕು, ಇಲ್ಲಾ ಬಿಟ್ಟುಹೋಗಿರಬೇಕು, ಇಲ್ಲಾ ದುಡಿಯಲಾರದ ಸ್ಥಿತಿಯಲ್ಲಿರಬೇಕು. ಅಂಥ ಮಕ್ಕಳಿಗೆ ಮಾತ್ರ. ಹಣದಲ್ಲಿ ದೊಡ್ಡ ಪಾಲು ಕೇಂದ್ರದ್ದು, ನಡೆಸುವವರು ರಾಜ್ಯದವರು. ದಿನನಿತ್ಯದ ನಿಯಮ ಮಾಡುವ ಅಧಿಕಾರವೂ ರಾಜ್ಯದ್ದೇ. ತೊಂದರೆ ಶುರುವಾದದ್ದೇ ಇಲ್ಲಿ.

ದಕ್ಷಿಣದ ರಾಜ್ಯಗಳಿಗೆ ಈ ಹಣ ಕಪ್ಪು ಹೆಂಗಸರ ಮನೆಗೆ ಹೋಗುತ್ತದಲ್ಲ ಅನ್ನೋ ಉರಿ. ನೇರವಾಗಿ ಹಾಗೆ ಹೇಳುವಂತಿಲ್ಲ. ಅದಕ್ಕೆ 'ನಡತೆ'ಯ ದಾರಿ ಹಿಡಿದರು. 1960ರಲ್ಲಿ ಲೂಸಿಯಾನಾದಲ್ಲಿ ತಾಯಿಯ ಮನೆ 'ಯೋಗ್ಯ' ಅಲ್ಲ ಅಂತ ಸುಮಾರು 23 ಸಾವಿರ ಮಕ್ಕಳ ನೆರವು ಕತ್ತರಿಸಿದರು. ಅವರಲ್ಲಿ ಬಹುತೇಕರು ಕಪ್ಪು ಮಕ್ಕಳು. ಶಾಲೆಗಳಲ್ಲಿ ಕಪ್ಪು-ಬಿಳಿ ಮಕ್ಕಳನ್ನು ಒಟ್ಟಿಗೆ ಕೂರಿಸುವ ಜಗಳ ಅದೇ ರಾಜ್ಯದಲ್ಲಿ ತಾರಕಕ್ಕೇರಿದ್ದ ಹೊತ್ತು ಅದು. ಎರಡಕ್ಕೂ ಸಂಬಂಧ ಇಲ್ಲ ಅಂತ ನಂಬೋದು ಕಷ್ಟ!

ಅಲಬಾಮಾ ಇನ್ನೂ ಒಂದು ಹೆಜ್ಜೆ ಮುಂದೆ ಹೋಯಿತು. ಜಾರ್ಜ್ ವಾಲೆಸ್ ಗವರ್ನರ್ ಆಗಿದ್ದಾಗ, 1964ರಲ್ಲಿ, 'ಬದಲಿ ಅಪ್ಪ' ಅನ್ನೋ ನಿಯಮ ಬಂತು. ತಾಯಿಯ ಜೊತೆ ಒಬ್ಬ ಗಂಡಸು ಮನೆಯಲ್ಲಿ ಸಂಸಾರ ಮಾಡಿಕೊಂಡಿದ್ದರೆ ಅವನು ಮಕ್ಕಳಿಗೆ ಬದಲಿ ಅಪ್ಪ. ಆಗಾಗ ಬಂದುಹೋಗುತ್ತಿದ್ದರೂ ಬದಲಿ ಅಪ್ಪ. ಮನೆಗೆ ಬಾರದೆ ಬೇರೆಲ್ಲೋ ಇಬ್ಬರೂ ಸೇರುತ್ತಿದ್ದರೂ ಬದಲಿ ಅಪ್ಪ! ಅವನು ಮಕ್ಕಳಿಗೆ ಒಂದು ಬ್ರೆಡ್ಡಾದರೂ ತಂದುಕೊಡುತ್ತಾನಾ ಅಂತ ಕೇಳುವ ಹಾಗೇ ಇಲ್ಲ. ಅಪ್ಪ ಇದ್ದಾನೆ, ಆದ್ದರಿಂದ ನೆರವು ಬಂದ್. ಸಂಬಂಧ ಮುಗಿದಿದೆ ಎಂದು ತೋರಿಸೋದು ತಾಯಿಯ ಹೊಣೆ, ಅದಕ್ಕೆ ಕನಿಷ್ಠ ಇಬ್ಬರ ಸಾಕ್ಷಿ ಬೇಕು. ಯಾರು ಸಾಕ್ಷಿ ಆಗಬಹುದು ಅಂತಲೂ ನಿಯಮದಲ್ಲೇ ಉದಾಹರಣೆ ಕೊಟ್ಟಿದ್ದರು: ಪೊಲೀಸರು, ಪಾದ್ರಿಗಳು, ಅಕ್ಕಪಕ್ಕದವರು, ದಿನಸಿ ಅಂಗಡಿಯವರು. ಸಾಲ ಕೇಳೋಕೆ ಹೋಗುವ ಅಂಗಡಿಯವನ ಹತ್ತಿರವೇ 'ನನ್ನ ಮನೆಗೆ ಯಾರೂ ಬರ್ತಾ ಇಲ್ಲ ಅಂತ ಹೇಳಪ್ಪಾ' ಅಂತ ಬೇಡಿಕೊಳ್ಳಬೇಕು, ಊಹಿಸಿಕೊಳ್ಳಿ.

1964ರ ಜೂನ್‌ನಿಂದ 1967ರ ಜನವರಿ ಒಳಗೆ ಅಲಬಾಮಾದಲ್ಲಿ ನೆರವು ಪಡೆಯುವ ಮಕ್ಕಳ ಸಂಖ್ಯೆ ಸುಮಾರು 16 ಸಾವಿರ ಕಡಿಮೆಯಾಯಿತು. ಅಂದರೆ ಶೇಕಡಾ 22ರಷ್ಟು.

(ನಮ್ಮಲ್ಲೂ ಇದರ ನೆಂಟರು ಇದ್ದಾರೆ. ವಿಧವೆಯರಿಗೆ ಮರುಮದುವೆಯ ಹಕ್ಕು ಕೊಟ್ಟಿತು ಅಂತ ನಾವು ಹೊಗಳುವ 1856ರ ಕಾಯಿದೆಯಲ್ಲೇ ಇನ್ನೊಂದು ಮಾತಿತ್ತು. ಮರುಮದುವೆಯಾದವಳು ಸತ್ತಳು ಎಂದೇ ಲೆಕ್ಕ ಹಿಡಿದು, ತೀರಿಹೋದ ಗಂಡನ ಆಸ್ತಿಯಲ್ಲಿ ಅವಳಿಗಿದ್ದ ಹಕ್ಕನ್ನು ತೆಗೆದುಹಾಕುತ್ತಿದ್ದರು. ಹೊಸ ಗಂಡ ಬಂದ, ಇನ್ನು ಅವಳಿಗೇನು ಕೊರತೆ ಅನ್ನೋ ಅದೇ ಲೆಕ್ಕಾಚಾರ. ಇರಲಿ, ಅಲಬಾಮಾಕ್ಕೆ ವಾಪಸ್ ಬರೋಣ.)

ಅಲಬಾಮಾದ ಡಲ್ಲಾಸ್ ಕೌಂಟಿಯಲ್ಲಿ ಶ್ರೀಮತಿ ಸಿಲ್ವೆಸ್ಟರ್ ಸ್ಮಿತ್ ಅಂತ ಕಪ್ಪು ಹೆಂಗಸು, ನಾಲ್ಕು ಮಕ್ಕಳು. ಮೂವರ ಅಪ್ಪ ತೀರಿಕೊಂಡಿದ್ದ. ನಾಲ್ಕನೆಯ ಮಗುವಿನ ಅಪ್ಪನಿಂದ ಏನೂ ಬರುತ್ತಿರಲಿಲ್ಲ. ವಾರಾಂತ್ಯದಲ್ಲಿ ವಿಲಿಯಮ್ಸ್ ಎಂಬಾತ ಆಕೆಯ ಮನೆಗೆ ಬರುತ್ತಿದ್ದ. ಆತನಿಗೆ ಬೇರೆ ಕಡೆ ಹೆಂಡತಿ, ಒಂಬತ್ತು ಮಕ್ಕಳು. ಸ್ಮಿತ್ ಮಕ್ಕಳನ್ನು ಸಾಕೋಕೆ ಅವನಿಗೆ ಇಷ್ಟವೂ ಇಲ್ಲ, ಶಕ್ತಿಯೂ ಇಲ್ಲ, ಅಲಬಾಮಾದ ಕಾನೂನಿನ ಪ್ರಕಾರ ಬಾಧ್ಯತೆಯೂ ಇಲ್ಲ. ಆದರೂ 1966ರ ಅಕ್ಟೋಬರ್‌ನಲ್ಲಿ ನೋಟೀಸು ಬಂತು, ನೆರವು ನಿಂತಿತು. ಅವನನ್ನು ಬಿಡು, ಹಣ ಬರುತ್ತೆ. ಆಕೆ ಒಪ್ಪಲಿಲ್ಲ.

ಇಲ್ಲಿ ಒಂದು ನಿಮಿಷ ಆಕೆಯ ಮನೆಯ ಲೆಕ್ಕ ನೋಡಿ. ಬೆಳಗಿನ ಜಾವ ಮೂರೂವರೆಗೆ ಕೆಲಸ ಶುರು, ಮಧ್ಯಾಹ್ನ ಹನ್ನೆರಡಕ್ಕೆ ಮುಗಿಯಬೇಕು. ಅಡುಗೆಯೂ ಅವಳದೇ, ಬಡಿಸೋದೂ ಅವಳದೇ. ಸಂಬಳ ವಾರಕ್ಕೆ 16ರಿಂದ 20 ಡಾಲರ್. ಆಗ ದೇಶದ ಕನಿಷ್ಠ ಕೂಲಿ ಗಂಟೆಗೆ ಒಂದೂಕಾಲು ಡಾಲರ್. ಆ ದರದಲ್ಲಿ ಹದಿನಾರು ಗಂಟೆ ದುಡಿದರೆ 20 ಡಾಲರ್ ಆಗಬೇಕು. ಅಂದರೆ ಆಕೆಯ ವಾರದ ದುಡಿಮೆಗೆ ಸಿಕ್ಕಿದ್ದು ಎರಡು ದಿನದ ಕೂಲಿ. 1966ರಲ್ಲಿ ಹೋಟೆಲ್ ಕೆಲಸದವರನ್ನು ಆ ಕನಿಷ್ಠ ಕೂಲಿಯ ಕಾಯಿದೆಯಿಂದ ಹೊರಗಿಟ್ಟಿದ್ದರು. ಇಷ್ಟರಲ್ಲಿ ನಾಲ್ಕು ಮಕ್ಕಳ ಊಟ, ಬಟ್ಟೆ, ಶಾಲೆ. ನೆರವು ನಿಂತದ್ದು ಅಕ್ಟೋಬರ್ 1966, ಕೆಳಗಿನ ಕೋರ್ಟು ಆಕೆಯ ಪರ ತೀರ್ಪು ಕೊಟ್ಟದ್ದು ನವೆಂಬರ್ 1967, ಸುಪ್ರೀಂ ಕೋರ್ಟು ಅಂತಿಮವಾಗಿ ಹೇಳಿದ್ದು 1968ರ ಜೂನ್ 17ಕ್ಕೆ. ಕೋರ್ಟಿನ ಕಾಗದದಲ್ಲಿ ಇದು ಬರೀ ತಾರೀಖು. ಹಸಿದ ಮಕ್ಕಳಿಗೆ ತಾರೀಖು ಅಂದರೇನು ಹೇಳಿ.

ಮುಖ್ಯ ನ್ಯಾಯಾಧೀಶ ಅರ್ಲ್ ವಾರೆನ್ ಬರೆದ ತೀರ್ಪಿನ ತಿರುಳು ಇಷ್ಟೇ. 1935ರ ಕಾಯಿದೆಯಲ್ಲಿ ಅಪ್ಪ ಅಂದರೆ ಮಕ್ಕಳನ್ನು ಸಾಕುವ ಕಾನೂನಿನ ಹೊಣೆ ಇರುವವನು. ತಾಯಿಯ ನಡತೆ ಸರಿಯಿಲ್ಲ ಅಂತ ಮಕ್ಕಳನ್ನು ಉಪವಾಸ ಕೆಡವುವಂತಿಲ್ಲ. ಒಬ್ಬ ನ್ಯಾಯಾಧೀಶರೂ ಭಿನ್ನಮತ ಹೇಳಲಿಲ್ಲ.

ಗಂಡಸು ಇದ್ದಾನಾ ಇಲ್ಲವಾ ಅಂತ ಪತ್ತೆ ಮಾಡುತ್ತಿದ್ದದ್ದು ಹೇಗೆ ಅಂತೀರಾ? ಅದು ದಕ್ಷಿಣದಲ್ಲಿ ಮಾತ್ರ ನಡೆದದ್ದಲ್ಲ. 1963ರ ಜನವರಿಯ ಒಂದು ಭಾನುವಾರ ಬೆಳಕು ಹರಿಯುವ ಮೊದಲೇ ಕ್ಯಾಲಿಫೋರ್ನಿಯಾದ ಅಲಮೇಡಾ ಕೌಂಟಿಯ ನೌಕರರು ಇಬ್ಬಿಬ್ಬರಾಗಿ ಬಡವರ ಮನೆ ಬಾಗಿಲು ತಟ್ಟಿದರು. ಒಬ್ಬರು ಮುಂಬಾಗಿಲಲ್ಲಿ, ಇನ್ನೊಬ್ಬರು ಹಿತ್ತಲಲ್ಲಿ. ಹಾಸಿಗೆ, ಬೀರು, ಬಚ್ಚಲು ಎಲ್ಲಾ ತಪಾಸಣೆ. ಬೆನ್ನಿ ಪ್ಯಾರಿಷ್ ಎಂಬ ನೌಕರ 'ನಾನು ಹೋಗೋದಿಲ್ಲ' ಅಂದ. ಆತನಿಗೆ ಕಣ್ಣು ಕಾಣುತ್ತಿರಲಿಲ್ಲ. ಮೇಲಧಿಕಾರಿಯ ಮಾತು ಮೀರಿದ ಅಂತ ಕೆಲಸದಿಂದ ತೆಗೆದರು. 1967ರಲ್ಲಿ ಆ ರಾಜ್ಯದ ಸುಪ್ರೀಂ ಕೋರ್ಟು ಆತ ಮಾಡಿದ್ದೇ ಸರಿ ಅಂತ ಹೇಳಿ ಹಳೆಯ ಸಂಬಳದ ಸಮೇತ ವಾಪಸ್ ತೆಗೆದುಕೊಳ್ಳುವಂತೆ ಆದೇಶಿಸಿತು. ಇಡೀ ಇತಿಹಾಸದಲ್ಲಿ ನನಗೆ ಅತ್ಯಂತ ಇಷ್ಟವಾದ ಮನುಷ್ಯ ಈತನೇ.

ಸ್ಮಿತ್ ಕೇಸು ನಿಯಮವನ್ನು ಹೊಡೆದುಹಾಕಿತು, ಸರಿ. ಆದರೆ ನಡುವಿನ ತಿಂಗಳುಗಳ ಪ್ರಶ್ನೆ ಹಾಗೇ ಉಳಿಯಿತು. ಅನುಮಾನ ಬಂದ ಕೂಡಲೇ ಹಣ ನಿಲ್ಲಿಸು, ವಿಚಾರಣೆ ಆಮೇಲೆ ಮಾಡಿದರಾಯಿತು - ನ್ಯೂಯಾರ್ಕಿನಲ್ಲಿ ಹಾಗೇ ನಡೆಯುತ್ತಿತ್ತು. 1970ರ ಮಾರ್ಚ್‌ನಲ್ಲಿ ಗೋಲ್ಡ್‌ಬರ್ಗ್-ಕೆಲ್ಲಿ ಕೇಸಿನಲ್ಲಿ ಸುಪ್ರೀಂ ಕೋರ್ಟು ಇದನ್ನು ತಿರುಗಿಸಿಟ್ಟಿತು: ಮೊದಲು ವಿಚಾರಣೆ, ಅಲ್ಲಿಯವರೆಗೂ ಹಣ. ನ್ಯಾಯಾಧೀಶ ಬ್ರೆನ್ನನ್ ಕೊಟ್ಟ ಕಾರಣ ನಮ್ಮ ಅಜ್ಜಿಯೂ ಹೇಳಬಹುದಾದ್ದು. ಅರ್ಹನೇ ಆಗಿದ್ದವನ ನೆರವು ನಿಲ್ಲಿಸಿದರೆ, ಅವನು ಇವತ್ತಿನ ಊಟ ಹುಡುಕುತ್ತಾನೋ, ಕಚೇರಿಯವರ ಜೊತೆ ವಾದ ಮಾಡುತ್ತಾನೋ? ನ್ಯಾಯಾಧೀಶ ಬ್ಲ್ಯಾಕ್ ಒಪ್ಪಲಿಲ್ಲ. ಅನರ್ಹರಿಗೆ ಕೊಟ್ಟ ದುಡ್ಡು ವಾಪಸ್ ಬರೋದಿಲ್ಲ, ಅದಕ್ಕೆ ಸರಕಾರ ಇನ್ನು ಕೊಡುವ ಮುಂಚೆಯೇ ಕೈ ಬಿಗಿ ಹಿಡಿಯುತ್ತದೆ ಅಂದರು. ಬ್ಲ್ಯಾಕ್ ಹೇಳಿದ್ದರಲ್ಲಿ ಹುರುಳಿಲ್ಲ ಅಂತ ತಳ್ಳಿಹಾಕೋಕೆ ಆಗೋದಿಲ್ಲ. ಆದರೂ ತಪ್ಪಾದರೆ ಯಾರು ತಡೆದುಕೊಳ್ಳಬಲ್ಲರು ಅನ್ನೋದು ಮುಖ್ಯ ಅಲ್ಲವೇ? ಸರಕಾರ ಒಂದು ವರ್ಷ ಕಾಯಬಲ್ಲದು. ವಾರಕ್ಕೆ 20 ಡಾಲರ್‌ನವಳು ಕಾಯಲಾರಳು.

ಅದೇ ಕಾಲದಲ್ಲಿ ನೆರವು ಪಡೆಯುವ ತಾಯಂದಿರೇ ಕಟ್ಟಿದ ಚಳುವಳಿಯೊಂದಿತ್ತು. ಅದರ ನಾಯಕಿ ಜಾನಿ ಟಿಲ್ಮನ್ 1972ರಲ್ಲಿ 'ಮಿಸ್' ಪತ್ರಿಕೆಯಲ್ಲಿ ಬರೆದ ಲೇಖನ ಸಿಕ್ಕರೆ ಓದಿ. ಸರಕಾರಿ ನೆರವು ಅಂದರೆ ಒಬ್ಬ ಗಂಡನನ್ನು ಬಿಟ್ಟು ಇನ್ನೂ ದೊಡ್ಡ ದರ್ಪದ ಗಂಡನನ್ನು ಕಟ್ಟಿಕೊಂಡ ಹಾಗೆ ಅನ್ನೋದು ಆಕೆಯ ವಾದ. 1974ರ 'ಕ್ಲಾಡೀನ್' ಸಿನಿಮಾದಲ್ಲಿ ಇನ್‌ಸ್ಪೆಕ್ಷನ್‌ನವಳು ಬರುವ ಸುದ್ದಿ ಸಿಕ್ಕ ಕೂಡಲೇ ಮನೆಯವರೆಲ್ಲಾ ಓಡಾಡಿ ಸಾಮಾನು ಬಚ್ಚಿಡುವ ದೃಶ್ಯ ಇದೆ. ನಗು ಬರುತ್ತೆ, ಆಮೇಲೆ ಬರೋದಿಲ್ಲ.

ಮುಂದೆ ಗಾಳಿ ತಿರುಗಿತು. ಮಲತಂದೆಯ ಆದಾಯವನ್ನು ಮಕ್ಕಳ ನೆರವಿನ ಲೆಕ್ಕಕ್ಕೆ ಹಿಡಿಯಬೇಕು ಅಂತ 1981ರಲ್ಲಿ ಅಮೆರಿಕಾದ ಸಂಸತ್ತೇ ಕಾಯಿದೆ ಮಾಡಿತು. 1996ರಲ್ಲಿ ಕ್ಲಿಂಟನ್ ಸಹಿ ಹಾಕಿದ ಕಾಯಿದೆಯಿಂದ ಎ.ಎಫ್.ಡಿ.ಸಿ.ಯೇ ಮುಚ್ಚಿಹೋಯಿತು. ಅದರ ಜಾಗಕ್ಕೆ ಬಂದ ಯೋಜನೆಯಲ್ಲಿ ನೆರವು ಯಾರ ಹಕ್ಕೂ ಅಲ್ಲ ಎಂದು ಕಾಯಿದೆಯಲ್ಲೇ ಬರೆದರು.